ಮನೆಯಲ್ಲಿ ಕಲಿತ ಹೊಡೆತ ಕ್ಲಾಸಿಗೆ ಬಂದಾಗ

ವಿಡಿಯೋ ನೋಡಿ ಬಾಕ್ಸಿಂಗ್ ಕಲಿತು ಕ್ಲಾಸಿಗೆ ಸೇರುವವರಲ್ಲಿ ಕೆಲವರು ಬಲಗೈಯವರಾಗಿದ್ದೂ ಬಲಗಾಲು ಮುಂದಿಟ್ಟು ನಿಲ್ಲುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ. ಆದದ್ದಿಷ್ಟೆ: ವಿಡಿಯೋದಲ್ಲಿ ಹೇಳಿಕೊಡುವವರು ಕ್ಯಾಮೆರಾದ ಕಡೆ ಮುಖ ಮಾಡಿ ಎಡಗಾಲು ಮುಂದಿಟ್ಟಿರುತ್ತಾರೆ. ಪರದೆಯ ಮೇಲೆ ಆ ಕಾಲು ನಮ್ಮ ಬಲಗಡೆ ಕಾಣುತ್ತದೆ. ಕನ್ನಡಿ ನೋಡಿದ ಹಾಗೆ ಅನುಕರಿಸಿದವರ ಬಲಗಾಲು ಮುಂದೆ ಬರುತ್ತದೆ. ಎರಡು ವರ್ಷ ಹೀಗೇ ಅಭ್ಯಾಸ ಮಾಡಿದರೆ ಎಡಗೈಯವರ ಸೌತ್‌ಪಾ ನಿಲುವು ಮೈಗೆ ಹತ್ತಿ ಕೂತುಬಿಡುತ್ತದೆ.

ಇದನ್ನು ಬದಲಾಯಿಸಲೇಬೇಕೆಂದೇನಿಲ್ಲ. ಬಲವಾದ ಕೈ ಮುಂದಿದ್ದರೆ ಜಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಚುರುಕಾಗುತ್ತದೆ, ಕೆಲವರಿಗೆ ಅದೇ ಒಗ್ಗುತ್ತದೆ. ಆದರೆ ಸೊಂಟ ತಿರುಗಿಸಿ ಹೊಡೆದರೂ ಹಿಂದಿನ ಕೈಯ ಹೊಡೆತ ಪೊಳ್ಳಾಗಿ ಬೀಳುತ್ತಿದ್ದರೆ ನಿಲುವು ಬದಲಿಸುವುದೇ ವಾಸಿ. ಮೊದಲ ತಿಂಗಳೊಳಗೆ ಕೋಚ್ ಹತ್ತಿರ ಮಾತಾಡಿ ಒಂದನ್ನು ಆರಿಸಿಕೊಂಡುಬಿಡಿ. ವಾರಕ್ಕೊಮ್ಮೆ ಕಾಲು ಅದಲುಬದಲು ಮಾಡುತ್ತಿದ್ದರೆ ಎರಡೂ ಕುದುರುವುದಿಲ್ಲ.

ಮನೆಯಿಂದ ಬಂದವರದು ಒಂದು ಬೇರೆಯೇ ವರ್ಗ. ಪೂರ್ತಿ ಹೊಸಬರಿಗೆ ಬಲವೂ ಇಲ್ಲ, ಹಿಡಿತವೂ ಇಲ್ಲ. ಅವರ ಗುದ್ದಿನಿಂದ ಯಾರಿಗೂ ಅಂಥ ಅಪಾಯವಿಲ್ಲ. ಪಳಗಿದವರಿಗೆ ಎರಡೂ ಇದೆ. ವರ್ಷಗಟ್ಟಲೆ ಬ್ಯಾಗ್ ಹೊಡೆದು ಬಂದವರಿಗೆ ಬಲ ಇದೆ, ಹಿಡಿತ ಇಲ್ಲ. ಎದುರಾಳಿಯೇ ಇಲ್ಲದ ಜಗತ್ತಿಗೆ ತಯಾರಾದ ಮೈ ಅದು. ಅದಕ್ಕೇ ಮೊದಲ ಮೂರು ತಿಂಗಳು ಹೊಸ ಪಟ್ಟುಗಳ ಹಿಂದೆ ಬೀಳದೆ, ಇರುವ ನಾಲ್ಕೈದನ್ನೇ ಇನ್ನೊಬ್ಬ ಮನುಷ್ಯನ ಮುಂದೆ ಮಾಡುವುದು ಹೇಗೆಂದು ಕಲಿಯಬೇಕು ಎನ್ನುವುದು ನನ್ನ ವಾದ.

ಬ್ಯಾಗ್ ಕಲಿಸಿದ ಚಟಗಳು

ಪಂಚಿಂಗ್ ಬ್ಯಾಗ್ ತಿರುಗಿ ಹೊಡೆಯುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಅದರಿಂದ ಯಾವ ಯಾವ ಚಟ ಅಂಟುತ್ತದೆ ಎನ್ನುವುದು ಅಷ್ಟಾಗಿ ಗೊತ್ತಿರುವುದಿಲ್ಲ. ಮೊದಲನೆಯದು ಅಂತರ. ಬ್ಯಾಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಹೊಡೆಯುವುದು, ಅಲ್ಲೇ ನಿಂತು ಸುಧಾರಿಸಿಕೊಳ್ಳುವುದು ರೂಢಿಯಾಗುತ್ತದೆ. ಮನುಷ್ಯನ ಎದುರು ಅಲ್ಲಿ ನಿಂತು ಸುಧಾರಿಸಿಕೊಂಡರೆ ಮುಖಕ್ಕೆ ಏಟು ಗ್ಯಾರಂಟಿ. ಇರಬೇಕಾದ ಜಾಗ ಕೈ ಪೂರ್ತಿ ಚಾಚಿದರೂ ಒಂದು ಗೇಣು ಸಾಲದೆ ಬರುವಷ್ಟು ದೂರ. ಮುಂಗಾಲು ಆ ಗೇಣಿನಷ್ಟು ಮುಂದಿಟ್ಟು ಹೊಡೆದು, ಹೊಡೆದ ಕೂಡಲೇ ಮೊದಲಿನ ಜಾಗಕ್ಕೆ ಸರಿಯಬೇಕು.

ಎರಡನೆಯದು ಹೊಡೆದ ಕೈ ವಾಪಸು ಬರುವ ದಾರಿ. ಗಲ್ಲದ ಪಕ್ಕದಿಂದ ಹೊರಟ ಮುಷ್ಟಿ ಎದೆಯ ಮಟ್ಟಕ್ಕೆ ವಾಪಸಾಗುತ್ತದೆ. ತಪ್ಪಾಯಿತೆಂದು ಹೇಳಲು ಬ್ಯಾಗಿಗೆ ಕೈಯಿಲ್ಲ. ಮೂರನೆಯದು ಹೊಡೆಯುವ ಬದಲು ತಳ್ಳುವುದು. ಬ್ಯಾಗಿನ ತೂಕ ಹೊಡೆಯುವವರ ತೂಕದ ಅರ್ಧದಷ್ಟಾದರೂ ಇರಲಿ ಎಂಬ ಒಂದು ಅಂದಾಜು ಲೆಕ್ಕವಿದೆ, 70 ಕಿಲೋ ಇರುವವರಿಗೆ 35 ಕಿಲೋ. ಮನೆಯಲ್ಲಿ ತೂಗುಹಾಕುವುದು ಬಹಳ ಸಲ 20 ಕಿಲೋದ ಹಗುರ ಬ್ಯಾಗು. ಅದು ಜೋರಾಗಿ ತೂಗಾಡಿದಷ್ಟೂ ಬಲ ಬಂತೆಂದು ಖುಷಿ. ನಿಜವಾಗಿ ಆಗುತ್ತಿರುವುದೇನೆಂದರೆ, ಮುಷ್ಟಿ ತಾಗಿದ ಮೇಲೂ ಅಲ್ಲೇ ಉಳಿದು ದೂಡುತ್ತಿರುತ್ತದೆ. ಕ್ಲಾಸಿನಲ್ಲಿ ಪ್ಯಾಡ್ ಹಿಡಿದವರು ಒಂದೇ ನಿಮಿಷದಲ್ಲಿ ಇದನ್ನು ಕಂಡುಹಿಡಿಯುತ್ತಾರೆ: ಹೊಡೆತಕ್ಕೆ ‘ಪಟ್’ ಎಂಬ ಸದ್ದಿಲ್ಲ, ಅವರ ತೋಳು ಮಾತ್ರ ಹಿಂದೆ ಹೋಗುತ್ತಿದೆ.

ಮಣಿಕಟ್ಟಿನ ವಿಷಯ ಇನ್ನೂ ಗಂಭೀರ. ಹೊಡೆತ ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳ ಮೇಲೆ ಬೀಳಬೇಕು, ಮುಂಗೈ ಮೂಳೆಯ ನೇರಕ್ಕೆ. ಹುಕ್, ಅಂದರೆ ಬದಿಯಿಂದ ಬಾಗಿ ಬರುವ ಗುದ್ದು, ಹೊಡೆಯುವಾಗ ಮೊಣಕೈ ಕೆಳಗೆ ಉಳಿದರೆ ಮುಷ್ಟಿ ಕಿರುಬೆರಳ ಕಡೆಗೆ ವಾಲುತ್ತದೆ. ಕಿರುಬೆರಳಿನ ಕೆಳಗಿನ ಅಂಗೈ ಮೂಳೆಯ ಕತ್ತು ಮುರಿಯುವುದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದೇ ಹೆಸರು. ತಮಾಷೆ ಎಂದರೆ ಅದು ಹೆಚ್ಚಾಗಿ ಆಗುವುದು ಪಳಗಿದ ಬಾಕ್ಸರುಗಳಿಗಲ್ಲ, ಗುದ್ದುವುದು ಸರಿಯಾಗಿ ಗೊತ್ತಿಲ್ಲದವರಿಗೆ.

ಬ್ಯಾಗ್ ಇಲ್ಲದೆ ಬರೀ ಗಾಳಿಗೆ ಹೊಡೆದವರ ಕಥೆ ಬೇರೆ. ತಡೆಯುವ ವಸ್ತುವಿಲ್ಲದ್ದರಿಂದ ಮೊಣಕೈ ಪೂರ್ತಿ ನೆಟ್ಟಗಾಗಿ ಕೀಲಿನ ಕೊನೆಗೆ ಬಡಿಯುತ್ತದೆ. ಜೋರಾದ ಕಿಕ್‌ಗಳಲ್ಲಿ ಮೊಣಕಾಲಿಗೂ ಅದೇ ಗತಿ. ಮೊಣಕೈಯ ಹಿಂಭಾಗದಲ್ಲಿ ನೋವು ಇಟ್ಟುಕೊಂಡೇ ಕ್ಲಾಸಿಗೆ ಬರುವವರು ಬಹಳ. ಗಾಳಿಗೆ ಹೊಡೆಯುವಾಗ ಕೈ ಚಾಚುವುದು ಇನ್ನು ಐದು ಪಾಲು ಬಾಕಿ ಇರುವಂತೆ, ನೂರಕ್ಕೆ ತೊಂಬತ್ತೈದರಷ್ಟು ಸಾಕು.

ಸುತ್ತು ಒದೆತ, ಅಂದರೆ ರೌಂಡ್‌ಹೌಸ್ ಕಿಕ್, ಮನೆಯ ನೆಲದಿಂದ ಮ್ಯಾಟಿಗೆ ಬಂದಾಗ ಮೊಣಕಾಲನ್ನು ತಿನ್ನುತ್ತದೆ. ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಒದ್ದವರ ನಿಂತ ಪಾದ ತಾನಾಗಿಯೇ ಜಾರಿ ತಿರುಗುತ್ತಿತ್ತು. ಮ್ಯಾಟ್ ಬರಿಗಾಲನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವಿನ ಮೊಣಕಾಲು ಹಿಂಡಿದ ಬಟ್ಟೆಯಂತಾಗುತ್ತದೆ. ನಿಂತ ಕಾಲಿನ ಹಿಮ್ಮಡಿ ಚೂರು ಎತ್ತಿ, ಪಾದದ ಮುಂಭಾಗದ ಮೇಲೆ ತಿರುಗಿ, ಒದೆತ ತಾಗುವ ಹೊತ್ತಿಗೆ ಹಿಮ್ಮಡಿ ಗುರಿಯ ಕಡೆ ನೋಡುವಂತಿರಬೇಕು. ಮೊದಲ ಎರಡು ವಾರ ಒದೆಯುವುದನ್ನೇ ಬಿಟ್ಟು, ಗೋಡೆ ಹಿಡಿದು ಈ ತಿರುಗುವಿಕೆಯನ್ನಷ್ಟೇ ಒಂದೊಂದು ಕಾಲಿಗೆ ಇಪ್ಪತ್ತು ಸಲ ಮಾಡಿದರೂ ನಷ್ಟವಿಲ್ಲ.

ಕಲಿತದ್ದು ಯಾವ ಮನೆತನದ್ದು?

ಕರಾಟೆ, ಟೇಕ್ವಾಂಡೋ ಮನೆಯಲ್ಲಿ ಕಲಿತವರು ಕ್ಲಾಸ್ ಹುಡುಕುವ ಮೊದಲು ತಾವು ನಕಲು ಮಾಡಿದ್ದು ಯಾವ ಶೈಲಿ ಎಂದು ತಿಳಿದುಕೊಳ್ಳಲಿ. ಕರಾಟೆಯ ಶೋಟೋಕಾನ್ ಶೈಲಿಯಲ್ಲಿ ‘ಹೇಯಾನ್ ಶೋದಾನ್’ ಎನ್ನುವ ಕಾತಾ (ಕ್ರಮ ಗೊತ್ತುಮಾಡಿದ ಪಟ್ಟುಗಳ ಸರಣಿ) ಬೇರೆ ಕೆಲವು ಶೈಲಿಗಳಲ್ಲಿ ‘ಪಿನಾನ್ ನಿದಾನ್’. ಅಂದರೆ ಅಲ್ಲಿಯ ಒಂದನೆಯದು ಇಲ್ಲಿಯ ಎರಡನೆಯದು. ಶೋಟೋಕಾನ್ ಶೈಲಿಯ ಮೂಲಪುರುಷ ಫುನಾಕೋಶಿ ಈ ಕಾತಾಗಳಿಗೆ ಹೊಸ ಹೆಸರಿಟ್ಟಾಗ ಮೊದಲೆರಡರ ಕ್ರಮವನ್ನೂ ಅದಲುಬದಲು ಮಾಡಿದರು. ಹೆಜ್ಜೆಯ ಉದ್ದ, ನಿಲುವಿನ ಆಳ ಕೂಡ ಬೇರೆ. ಟೇಕ್ವಾಂಡೋದಲ್ಲಿ ವರ್ಲ್ಡ್ ಟೇಕ್ವಾಂಡೋ ಪದ್ಧತಿಯವರ ಮೊದಲ ಎಂಟು ಪೂಮ್ಸೆಗಳು (ಅವರ ಕಾತಾಗಳು) ತೇಗುಕ್ ಸರಣಿಯವು, ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೋ ಫೆಡರೇಶನ್) ಪದ್ಧತಿಯವರದು ತುಲ್ ಎಂದು ಕರೆಯುವ 24 ಕಾತಾಗಳ ಬೇರೆ ಸರಣಿ. ಮೊದಲನೆಯವರ ಸ್ಪರ್ಧೆಯಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಎರಡನೆಯವರಲ್ಲಿ ಗುದ್ದಬಹುದು. ಇಷ್ಟು ಗೊತ್ತಿಲ್ಲದೆ ಸೇರಿದರೆ ಕಂಠಪಾಠ ಮಾಡಿದ್ದೆಲ್ಲ ಮತ್ತೆ ಅಳಿಸಿ ಬರೆಯಬೇಕು. ಕಂಠಪಾಠವೇ ಆದರೂ ಅದು ವ್ಯರ್ಥವಲ್ಲ: ದಿಕ್ಕು, ತಿರುವು, ಕ್ರಮ ನೆನಪಿಟ್ಟುಕೊಳ್ಳುವ ಅಭ್ಯಾಸ ಇರುವವರು ಹೊಸ ಕಾತಾವನ್ನು ಬೇಗ ಹಿಡಿಯುತ್ತಾರೆ.

ಕ್ಲಾಸ್ ಆರಿಸುವ ಮುಂಚೆ ಒಂದು ಪೂರ್ತಿ ತರಗತಿಯನ್ನು ಬದಿಯಲ್ಲಿ ಕೂತು ನೋಡಿ. ನೋಡಲು ಬಿಡದಿದ್ದರೆ ಅಲ್ಲಿಗೇ ಕೈಬಿಡಿ. ಬಿಟ್ಟರೆ, ಗೋಡೆಯ ಮೇಲಿನ ಟ್ರೋಫಿಗಳನ್ನು ಬಿಟ್ಟು, ಸೇರಿ ಒಂದು ತಿಂಗಳೂ ಆಗದವರ ಕಡೆ ಕಣ್ಣಿಡಿ. ಅವರನ್ನು ಮೊದಲ ವಾರವೇ ಸ್ಪಾರಿಂಗ್‌ಗೆ, ಅಂದರೆ ಎದುರಾಳಿಯೊಡನೆ ಅಭ್ಯಾಸದ ಕಾದಾಟಕ್ಕೆ, ಇಳಿಸುತ್ತಾರಾ? ಹಿರಿಯ ವಿದ್ಯಾರ್ಥಿ ಹೊಸಬರ ಮೇಲೆ ಕೈಜೋರು ಮಾಡಿದಾಗ ಕೋಚ್ ತಡೆಯುತ್ತಾರಾ, ನಗುತ್ತಾರಾ? ಬೀಳಿಸುವ ಕಲೆ ಕಲಿಸುವಲ್ಲಿ ಮ್ಯಾಟ್ ಎಷ್ಟು ದಪ್ಪವಿದೆ? ಜೂಡೋ ಮ್ಯಾಟ್ (ತಾತಾಮಿ) ಸಾಮಾನ್ಯವಾಗಿ 4 ಸೆಂಟಿಮೀಟರ್ ಇರುತ್ತದೆ. ಬರೀ ಗುದ್ದು-ಒದೆತಕ್ಕೆ ಹಾಸುವ ತೆಳು ಮ್ಯಾಟ್ ಮೇಲೆ ಎತ್ತಿ ಎಸೆಯುವುದು ಕಲಿಸುತ್ತಿದ್ದರೆ ಬೆನ್ನು ನಿಮ್ಮದು, ಯೋಚಿಸಿ.

ಸೇರುವ ದಿನ ಕೋಚ್‌ಗೆ ಹೇಳಬೇಕಾದ್ದು ಮೂರೇ ವಿಷಯ: ಎಷ್ಟು ಕಾಲದಿಂದ ಏನನ್ನು ಒಬ್ಬರೇ ಮಾಡುತ್ತಿದ್ದೀರಿ, ಯಾವತ್ತಾದರೂ ಇನ್ನೊಬ್ಬರ ಜೊತೆ ಮಾಡಿದ್ದುಂಟಾ, ಎಲ್ಲಿ ನೋವಿದೆ. ‘ನಾನು ಇಂಥ ಬೆಲ್ಟ್ ಮಟ್ಟದವನು’ ಎಂಬ ಮಾತು ಬೇಡ. ಪೂರ್ತಿ ಮುಚ್ಚಿಡುವುದೂ ತಪ್ಪೇ. ಹೊಸಬರೆಂದುಕೊಂಡು ನಿಮ್ಮ ಜೊತೆಗೆ ನಿಜವಾದ ಹೊಸಬರನ್ನು ಬಿಟ್ಟರೆ, ನಿಮ್ಮ ಎರಡು ವರ್ಷದ ಬ್ಯಾಗ್ ಬಲ ಅವರ ಪಕ್ಕೆಲುಬಿಗೆ ಬೀಳುತ್ತದೆ.

ಕೈಗೆ ಸುತ್ತುವ ಪಟ್ಟಿ, ಗ್ಲೌಸ್, ಹಲ್ಲಿನ ಕವಚ

ಮನೆಯಲ್ಲಿ ಪಟ್ಟಿಯಿಲ್ಲದೆ ಬರೀ ಗ್ಲೌಸ್ ಹಾಕಿ ಹೊಡೆದವರೇ ಹೆಚ್ಚು. ದೊಡ್ಡವರ ಕೈಗೆ 4.5 ಮೀಟರ್ ಉದ್ದದ, ಸ್ವಲ್ಪ ಹಿಗ್ಗುವ ಪಟ್ಟಿ ಬೇಕು. ಬೆರಳುಗಳನ್ನು ಅಗಲಿಸಿ ಹಿಡಿದು ಸುತ್ತಿ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಕೈಯ ಹಿಂಬದಿಯಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ನಂತರ ಬೆರಳುಗಳ ಸಂದಿಗೊಂದರಂತೆ ಮೂರು ಸಲ ದಾಟಿಸಿ, ಹೆಬ್ಬೆರಳ ಬುಡಕ್ಕೊಂದು ಸುತ್ತು, ಉಳಿದದ್ದೆಲ್ಲ ಮತ್ತೆ ಗೆಣ್ಣು ಮತ್ತು ಮಣಿಕಟ್ಟಿಗೆ. ಮುಷ್ಟಿ ಕಟ್ಟಿದಾಗ ಬಿಗಿಯಾಗಬೇಕು, ಬಿಚ್ಚಿದಾಗ ಸಡಿಲವಾಗಬೇಕು. ಬೆರಳ ತುದಿ ಜೋಮು ಹಿಡಿದರೆ ಅಥವಾ ಬಣ್ಣ ಬದಲಾದರೆ ಬಿಚ್ಚಿ ಮತ್ತೆ ಸುತ್ತಿ. ಮುಷ್ಟಿ ಕಟ್ಟಿಕೊಂಡೇ ಸುತ್ತಿದರೆ ಆಮೇಲೆ ಕೈ ಬಿಚ್ಚಲಾಗದೆ ರಕ್ತ ಕಟ್ಟುತ್ತದೆ. ಹೊಸಬರು ಎಡವುವುದು ಇಲ್ಲೇ.

ಬ್ಯಾಗಿಗೆ ಬಳಸಿದ 10 ಔನ್ಸ್ ಗ್ಲೌಸ್ ಸ್ಪಾರಿಂಗ್‌ಗೆ ತರಬೇಡಿ. ಬ್ಯಾಗ್ ಹೊಡೆದು ಹೊಡೆದು ಅದರ ಗೆಣ್ಣಿನ ಕಡೆಯ ಮೆತ್ತೆ ಚಪ್ಪಟೆಯಾಗಿರುತ್ತದೆ, ಎದುರಿನವರ ಮುಖಕ್ಕೆ ಅದು ಕಲ್ಲು. ಸ್ಪಾರಿಂಗ್‌ಗೆಂದೇ ಬೇರೆ ಜೋಡಿ, 14 ಅಥವಾ 16 ಔನ್ಸ್. 70 ಕಿಲೋ ದಾಟಿದವರಿಗೆ 16 ಇದ್ದರೆ ಒಳ್ಳೆಯದು. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ತೆಗೆಯುವ ಮೌತ್‌ಗಾರ್ಡ್ ಕೊಂಡವರು ಪ್ಯಾಕೆಟ್ ಮೇಲೆ ಬರೆದಷ್ಟೇ ಹೊತ್ತು ಅದ್ದಬೇಕು. ಕಚ್ಚಿದ ಮೇಲೆ ಒಳಗಿನ ಗಾಳಿ ಹೀರಿಕೊಂಡು, ತುಟಿಯ ಹೊರಗಿನಿಂದ ಬೆರಳಲ್ಲಿ ಒತ್ತಿ. ಬಾಯಿ ತೆರೆದಾಗ ಕಳಚಿ ಬಿದ್ದರೆ ಅಚ್ಚು ಸರಿಯಾಗಿಲ್ಲ ಎಂದರ್ಥ. ಗಂಡಸರಿಗೆ ತೊಡೆಸಂದಿಯ ಗಾರ್ಡ್ ಮೊದಲ ಕಿಕ್ ಡ್ರಿಲ್‌ಗೆ ಮುಂಚೆಯೇ ಬೇಕು.

ಬೀಳುವುದು, ಬಿಡಿಸಿಕೊಳ್ಳುವುದು

ಜೂಡೋ, ಕುಸ್ತಿ, ಜಿಯು-ಜಿತ್ಸು ಕಡೆ ಹೋಗುವವರು ಮನೆಯಲ್ಲಿ ಯಾವತ್ತೂ ಮಾಡದ ಎರಡು ಕೆಲಸಗಳಿವೆ. ಒಂದು ಬೀಳುವುದು. ಒಬ್ಬರೇ ಇದ್ದಾಗ ಯಾರೂ ಬೀಳಿಸುವುದಿಲ್ಲವಾದ್ದರಿಂದ, ಬಿದ್ದ ಕೂಡಲೇ ಕೈ ಊರುವ ಸಹಜ ಚಟ ಹಾಗೇ ಉಳಿದಿರುತ್ತದೆ. ಮೈಯ ಭಾರವೆಲ್ಲ ಚಾಚಿದ ಒಂದೇ ಕೈಗೆ ಬಂದರೆ ಮಣಿಕಟ್ಟು, ಮೊಣಕೈ ಅಥವಾ ಕೊರಳೆಲುಬು ಇವುಗಳಲ್ಲಿ ಒಂದಕ್ಕೆ ಪೆಟ್ಟು. ಗಲ್ಲ ಎದೆಗೆ ಒತ್ತಿ, ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲಿರಲಿ. ಹಾಗಾದರೆ ತಲೆಯ ಹಿಂಭಾಗ ನೆಲ ಮುಟ್ಟುವುದಿಲ್ಲ. ಬೆನ್ನು ತಾಗುವ ಕ್ಷಣಕ್ಕೇ ಅಂಗೈಯಿಂದ ಮೊಣಕೈವರೆಗಿನ ಭಾಗ ಪೂರ್ತಿ ಮ್ಯಾಟಿಗೆ ಬಡಿಯಬೇಕು, ಮೈಯಿಂದ ಸುಮಾರು 30-45 ಡಿಗ್ರಿ ಕೋನದಲ್ಲಿ. ಕೈ ಭುಜದ ಎತ್ತರಕ್ಕೆ ಹೋದರೆ ಹೊಡೆತ ಭುಜದ ಕೀಲಿಗೆ ಹೋಗುತ್ತದೆ. ಉಸಿರು ಹೊರಬಿಡಿ. ಕೂತಲ್ಲಿಂದ ಹತ್ತು, ಕುಕ್ಕರಗಾಲಿನಲ್ಲಿ ಹತ್ತು, ನಿಂತು ಹತ್ತು, ಈ ಕ್ರಮದಲ್ಲಿ ಪ್ರತಿ ಕ್ಲಾಸಿನಲ್ಲೂ. ಬೇಸರ ಬರುತ್ತದೆ, ಬರಲಿ.

ಇನ್ನೊಂದು ಟ್ಯಾಪ್ ಮಾಡುವುದು, ಅಂದರೆ ಸೋತೆ ಬಿಡು ಎಂದು ತಟ್ಟುವುದು. ಎದುರಿನವರ ಮೈಮೇಲೆ ಎರಡು ಮೂರು ಸಲ ಅವರಿಗೆ ಗೊತ್ತಾಗುವಂತೆ ತಟ್ಟಿ. ಕೈ ಸಿಕ್ಕಿಬಿದ್ದಿದ್ದರೆ ಕಾಲಲ್ಲಿ ನೆಲ ಬಡಿಯಿರಿ, ಇಲ್ಲವೇ ಬಾಯಲ್ಲೇ ‘ಟ್ಯಾಪ್’ ಎನ್ನಿ. ನೋವಾಗುವ ತನಕ ಕಾಯುವುದು ಮನೆಯಿಂದ ಬಂದವರ ದೊಡ್ಡ ತಪ್ಪು, ಯಾಕೆಂದರೆ ಅವರ ಲೆಕ್ಕದಲ್ಲಿ ನೋವೇ ಸಂಕೇತ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್‌ನಂಥ ಪಟ್ಟಿನಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮೊಣಕಾಲಿನ ಕಟ್ಟು ಹರಿದಿರಬಹುದು. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುವ ಚೋಕ್ ಸರಿಯಾಗಿ ಕೂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ಹೋಗುತ್ತದೆ, ನೋವೇ ಇಲ್ಲದೆ. ತೋಳನ್ನು ಚಾಚಿ ಹಿಡಿದು ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಆರ್ಮ್‌ಬಾರ್‌ನಲ್ಲಿ ಮೊಣಕೈ ನೆಟ್ಟಗಾಯಿತು, ಹೆಬ್ಬೆರಳು ಎಲ್ಲಿಗೂ ತಿರುಗುತ್ತಿಲ್ಲ ಎಂದಾದ ಕೂಡಲೇ ತಟ್ಟಿಬಿಡಿ.

ಮ್ಯಾಟ್ ಮೇಲೆ ಚರ್ಮಕ್ಕೆ ಚರ್ಮ ತಾಗುವ ಕಲೆ ಇದು. ಕೈಕಾಲಿನ ಉಗುರು ಕತ್ತರಿಸಿರಬೇಕು, ಸಮವಸ್ತ್ರ ಪ್ರತಿ ಸಲ ಒಗೆದಿರಬೇಕು, ಶೌಚಕ್ಕೆ ಬರಿಗಾಲಲ್ಲಿ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತಬಾರದು. ಹುಳುಕಡ್ಡಿಯ ದುಂಡು ಕಲೆ ಕಂಡರೆ ವಾಸಿಯಾಗುವ ತನಕ ಕ್ಲಾಸಿಗೆ ರಜೆ.

ಸ್ಪಾರಿಂಗ್

ಒಬ್ಬರೇ ಮಾಡುವ ಅಭ್ಯಾಸಕ್ಕೂ ಎದುರಾಳಿಯೊಡನೆ ಮಾಡುವ ಅಭ್ಯಾಸಕ್ಕೂ ಇರುವ ಕಂದರವನ್ನು ಚೆನ್ನಾಗಿ ಕಂಡವರು ಕಾನೋ ಜಿಗೋರೋ. 1882ರಲ್ಲಿ ಜೂಡೋ ಕಟ್ಟುವಾಗ ಅವರು ರಾಂದೋರಿಯನ್ನು, ಅಂದರೆ ಒಪ್ಪಂದವಿಲ್ಲದ ಮುಕ್ತ ಸೆಣಸಾಟವನ್ನು, ನಡುಮನೆಗೆ ತಂದರು. ಅದಕ್ಕಾಗಿ ತೀರಾ ಅಪಾಯಕಾರಿ ಪಟ್ಟುಗಳನ್ನು ಸೆಣಸಾಟದಿಂದ ತೆಗೆದು ಕಾತಾಗಳಿಗೆ ಮೀಸಲಿಟ್ಟರು. ಕಣ್ಣಿಗೆ ಚುಚ್ಚುವ ಪಟ್ಟನ್ನು ಪೂರ್ತಿ ಬಲದಿಂದ ಯಾರ ಮೇಲೂ ಅಭ್ಯಾಸ ಮಾಡಲಾಗುವುದಿಲ್ಲ. ಸೊಂಟದ ಮೇಲಿಂದ ಎಸೆಯುವುದನ್ನು ದಿನಾ ಮಾಡಬಹುದು, ಬೇಡವೆಂದು ಒದ್ದಾಡುವವರ ಮೇಲೆ. ‘ನನ್ನದು ಬೀದಿಗೆ ಮಾತ್ರ, ಸ್ಪಾರಿಂಗ್‌ಗಲ್ಲ’ ಎಂದು ವಾದಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಮೊದಲ ಸ್ಪಾರಿಂಗ್‌ನಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತದೆ. ಕಾರಣ ಹೆದರಿಕೆಯೊಂದೇ ಅಲ್ಲ. ಕಣ್ಣಿಗೆ ಕಂಡ ಒಂದು ಸರಳ ಸನ್ನೆಗೆ ಕೈ ಅಲುಗಿಸಲೇ ಸುಮಾರು 0.2 ಸೆಕೆಂಡ್ ಬೇಕು. ಆಯ್ಕೆಗಳು ಹೆಚ್ಚಿದಷ್ಟೂ ಈ ಸಮಯವೂ ಹೆಚ್ಚುತ್ತದೆ ಎಂಬುದು 1952ರಿಂದ ಹಿಕ್ ನಿಯಮವೆಂದು ಹೆಸರಾದ ಸಂಗತಿ. ಮನೆಯಲ್ಲಿ ಇಪ್ಪತ್ತು ಕಾಂಬಿನೇಶನ್ (ಹೊಡೆತಗಳ ಜೋಡಣೆ) ಕಲಿತವರ ತಲೆ ಇಪ್ಪತ್ತರಲ್ಲಿ ಒಂದನ್ನು ಹುಡುಕುವಷ್ಟರಲ್ಲಿ ಏಟು ಬಂದು ಬಿದ್ದಿರುತ್ತದೆ. ಜೊತೆಗೆ ಎದುರಿನವರ ಭುಜ ಅಲುಗಿದಾಗ ಏನು ಬರಲಿದೆ ಎಂದು ಊಹಿಸುವ ಕಣ್ಣು ಅವರಿಗಿಲ್ಲ. ವಿಡಿಯೋ ಅದನ್ನು ಕೊಡಲಾರದು. ಹಾಗಾಗಿ ಮೊದಲ ತಿಂಗಳು ಮೂರೇ ಸಾಮಾನು: ಜಾಬ್, ಬಂದ ಜಾಬನ್ನು ಹಿಂದಿನ ಕೈಯ ಅಂಗೈಯಲ್ಲಿ ಹಿಡಿಯುವುದು, ಬದಿಗೆ ಒಂದು ಹೆಜ್ಜೆ. ಹಿಂದೆ ಹಿಂದೆ ನೇರ ಸರಿಯುವ ಚಟವಿದ್ದರೆ ಈ ಮೂರನೆಯದೇ ಅದಕ್ಕೆ ಮದ್ದು.

ಇನ್ನು ಕಣ್ಣು ಮುಚ್ಚುವುದು, ಮುಖ ತಿರುಗಿಸುವುದು. ಇದು ಧೈರ್ಯದ ಕೊರತೆಯಲ್ಲ, ಮುಖಕ್ಕೆ ಏನೂ ಬಾರದ ಅಭ್ಯಾಸದ ಫಲ. ಎದುರಿನವರು ನಿಧಾನವಾಗಿ, ಎಲ್ಲಿಗೆ ಬರುತ್ತದೆಂದು ಗೊತ್ತಿರುವ ಜಾಬ್ ಹಾಕಲಿ; ಎರಡು ನಿಮಿಷದ ಸುತ್ತು ಪೂರ್ತಿ ಅದನ್ನು ಕಣ್ಣು ತೆರೆದು ಹಿಡಿಯಿರಿ. ಆಮೇಲೆ ವೇಗ, ಆಮೇಲೆ ಎಡಬಲ. ಭುಜ ಮುಟ್ಟುವ ಆಟ, ಹೊಟ್ಟೆಗಷ್ಟೇ ಹೊಡೆಯುವ ಸ್ಪಾರಿಂಗ್, ಇವನ್ನೂ ಕೇಳಿ ಮಾಡಿಸಿಕೊಳ್ಳಬಹುದು.

ಬಲದ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ‘ಮೆಲ್ಲಗೆ ಮಾಡೋಣ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ಮುಖಕ್ಕೆ ಮುಟ್ಟುವಷ್ಟು ಮಾತ್ರ, ಹೊಟ್ಟೆಗೆ ಮೂರರಲ್ಲೊಂದು ಬಲ’ ಎಂದರೆ ತಕರಾರಿಲ್ಲ. ವೇಗ ಹೆಚ್ಚಿಸಿದರೆ ಬಲವೂ ತಾನಾಗಿ ಹೆಚ್ಚುತ್ತದೆ ಎನ್ನುವುದು ಬ್ಯಾಗಿನಿಂದ ಬಂದವರಿಗೆ ತಿಳಿದೇ ಇರುವುದಿಲ್ಲ. ಬ್ಯಾಗಿನ ಮೇಲೆ ಎರಡನ್ನೂ ಬೇರೆ ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ಜೋರು ಬಿದ್ದರೆ ನಿಲ್ಲಿಸಿ, ಕ್ಷಮೆ ಕೇಳಿ, ಮುಂದುವರಿಸಿ. ನಿಮಗೇ ಜೋರು ಬೀಳುತ್ತಿದ್ದರೆ ಅದೇ ಬಲದಲ್ಲಿ ತೀರಿಸಿಕೊಳ್ಳಲು ಹೋಗದೆ ಬಾಯಿಬಿಟ್ಟು ಹೇಳಿ. ಪಾಠದ ನಡುವೆ ‘ವಿಡಿಯೋದಲ್ಲಿ ಹೀಗಿತ್ತಲ್ಲ’ ಎಂದು ಜೊತೆಯವರನ್ನು ತಿದ್ದಲು ಹೊರಟವರಿಗೆ ಜೋಡಿ ಸಿಗುವುದು ಕಷ್ಟವಾಗುತ್ತದೆ, ಇದು ಬೇರೆ ಮಾತು.

ತಲೆಗೆ ಏಟು ಬಿದ್ದು ತಲೆನೋವು, ವಾಕರಿಕೆ, ಮಂಕು, ಬೆಳಕು ಕಂಡರೆ ಕಿರಿಕಿರಿ ಇವುಗಳಲ್ಲಿ ಯಾವುದಿದ್ದರೂ ಆ ದಿನದ ಮಟ್ಟಿಗೆ ಮುಗಿಯಿತು, ವೈದ್ಯರ ಹತ್ತಿರ ಹೋಗಬೇಕು. ಲಕ್ಷಣ ಕೆಲವು ಗಂಟೆ ಬಿಟ್ಟೂ ಬರಬಹುದು. ವಾಪಸು ಬರುವುದು ಮೆಟ್ಟಿಲು ಮೆಟ್ಟಿಲಾಗಿ: ನಡಿಗೆ, ಓಟ, ಒಬ್ಬರೇ ಮಾಡುವ ಡ್ರಿಲ್, ಏಟಿಲ್ಲದ ಜೋಡಿ ಅಭ್ಯಾಸ, ವೈದ್ಯರ ಒಪ್ಪಿಗೆ, ಕೊನೆಗೆ ಸ್ಪಾರಿಂಗ್, ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ಹೆಡ್‌ಗಾರ್ಡ್ ಹಾಕಿದ್ದೇನಲ್ಲ ಎಂಬ ಧೈರ್ಯ ಬೇಡ. ಅದು ಚರ್ಮ ಹರಿಯುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರು ಹೆಡ್‌ಗಾರ್ಡ್ ಇಲ್ಲದೆಯೇ ಬಾಕ್ಸಿಂಗ್ ಮಾಡಿದರು.

ಮನೆಯ ಅಭ್ಯಾಸಕ್ಕೆ ಈಗ ಏನು ಕೆಲಸ?

ಮನೆಯಲ್ಲಿ ದಿನಾ ಅರ್ಧ ಗಂಟೆ ಮಾಡುತ್ತಿದ್ದವರಿಗೆ ಒಂದೂವರೆ ಗಂಟೆಯ ಕ್ಲಾಸ್ ಬೇರೆಯೇ ಹೊರೆ. ಮೊದಲ ತಿಂಗಳು ವಾರಕ್ಕೆ ಎರಡು, ನಡುವೆ ಕನಿಷ್ಠ ಒಂದು ದಿನ ಬಿಡುವು. ಮೈನೋವು ಒಂದರಿಂದ ಮೂರನೇ ದಿನದೊಳಗೆ ಏರಿ ಇಳಿಯುತ್ತದೆ, ಅದು ಸ್ನಾಯುವಿನದು. ಕೀಲಿನ ಒಂದೇ ಜಾಗದಲ್ಲಿ ಚುಚ್ಚುವ ನೋವಾದರೆ ಅದು ಆ ಲೆಕ್ಕಕ್ಕೆ ಸೇರುವುದಿಲ್ಲ.

ಹಳೆಯ ದಿನಚರಿಯನ್ನು ಕ್ಲಾಸಿನ ಜೊತೆಗೆ ಹಾಗೇ ಇಟ್ಟುಕೊಂಡರೆ ಹಳೆಯ ತಪ್ಪುಗಳೂ ದಿನಾ ಗಟ್ಟಿಯಾಗುತ್ತವೆ. ಕ್ಲಾಸ್ ಮುಗಿದ ಕೂಡಲೇ ಕೋಚ್ ತಿದ್ದಿದ್ದರಲ್ಲಿ ಒಂದನ್ನು ಬರೆದಿಟ್ಟುಕೊಳ್ಳಿ, ಒಂದೇ. ಮನೆಯಲ್ಲಿ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ, ಅದೊಂದಕ್ಕೇ. ಎರಡು ವಾರ ಅದೇ. ಫೋನನ್ನು ಸೊಂಟದ ಎತ್ತರದಲ್ಲಿಟ್ಟು ಹಿಂದಿನ ಕ್ಯಾಮೆರಾದಲ್ಲಿ ಚಿತ್ರೀಕರಿಸಿ. ಸೆಲ್ಫಿ ಕ್ಯಾಮೆರಾ ಎಡಬಲ ತಿರುಗಿಸಿ ತೋರಿಸಿ ಮತ್ತೆ ಮೊದಲಿನ ಗೊಂದಲಕ್ಕೇ ತಂದುಬಿಡುತ್ತದೆ.

ಕೋಣೆಯ ಉದ್ದಕ್ಕೆ ನಿಮ್ಮ ಭುಜದ ಎತ್ತರದಲ್ಲಿ ಒಂದು ದಾರ ಕಟ್ಟಿ. ಮುಖ ಕಾಯುವ ಕೈಗಳನ್ನು ಎತ್ತಿ ಹಿಡಿದು, ಮೊಣಕಾಲು ಬಗ್ಗಿಸಿ, ದಾರದ ಕೆಳಗೆ ಎಡಬಲ ದಾಟುತ್ತಾ ಮುಂದೆ ಹೋಗಿ, ಹಾಗೇ ಹಿಂದೆ ಬನ್ನಿ. ಸೊಂಟ ಬಗ್ಗಿಸಿ ನೆಲ ನೋಡಿದರೆ ತಪ್ಪು. ಕಣ್ಣು ಎದುರಾಳಿಯ ಎದೆ ಇರಬೇಕಾದ ಜಾಗದಲ್ಲೇ ಇರಲಿ. ಬ್ಯಾಗನ್ನು ಮೊದಲ ಆರು ವಾರ ಅರ್ಧ ಬಲಕ್ಕಿಂತ ಹೆಚ್ಚು ಹೊಡೆಯಬೇಡಿ. ಅದನ್ನು ಕೈಯಿಂದ ತಳ್ಳಿ ತೂಗಾಡಲು ಬಿಟ್ಟು, ಅದು ನಿಮ್ಮ ಕಡೆ ಬರುವಾಗ ಬದಿಗೆ ಸರಿದು, ವಾಪಸು ಹೋಗುವಾಗ ಅಳತೆ ನೋಡಿ ಒಂದೇ ಒಂದು ಜಾಬ್ ಮುಟ್ಟಿಸಿ. ಜಾಬ್ ತಾಗದೆ ಹೋದರೆ ಹೆಜ್ಜೆ ಸಾಲಲಿಲ್ಲ, ಮಣಿಕಟ್ಟು ಮಡಚಿದರೆ ತೀರಾ ಹತ್ತಿರವಾಯಿತು.